ಹೆಣ್ಣಿಲ್ಲದ ಗೂಡು

ದಕ್ಷಿಣ ಸಮುದ್ರದ ಅಂಚಿನ ಕೂರಾಂಗ್ ಹಿನ್ನೀರಿನಲ್ಲಿ ಕರಿಹಂಸದ ಮೊಟ್ಟೆ ಆಯುವವರಿಗೆ ಮೂರು ಕಟ್ಟುಪಾಡುಗಳಿವೆ. ಗೂಡಿನಲ್ಲಿ ಎಷ್ಟೇ ಇರಲಿ, ಎರಡು ತೆಗೆ, ಉಳಿದದ್ದನ್ನು ಹಕ್ಕಿಗೆ ಬಿಡು. ತೆಗೆಯುವ ಮುಂಚೆ ನೀರಿನಲ್ಲಿ ಬಿಟ್ಟು ನೋಡು: ತಳಕ್ಕಿಳಿದು ಅಡ್ಡ ಮಲಗಿದರೆ ಬಾಣಲೆಗೆ, ತಲೆ ಎತ್ತಿ ನಿಂತರೆ ಒಳಗೆ ಯಾರೋ ಇದ್ದಾರೆ ಅಂತ, ಒರೆಸಿ ವಾಪಸ್ ಇಡು. ಮೂರನೆಯದು, ತಾಯಿ ಹಕ್ಕಿ ಇಲ್ಲವಾಗಿ ಗೂಡು ಅನಾಥವಾಗಿದ್ದರೆ ಒಂದೂ ಬಿಡದೆ ಎತ್ತಿಕೊಂಡು ಬಾ, ಕಾಗೆ ಪಾಲಾಗುವ ಬದಲು ಮಕ್ಕಳ ಪಾಲಾಗಲಿ. ನಾಲ್ಕು ವರ್ಷದ ಕೂಸಿಗೂ ಇದು ಬಾಯಿಪಾಠ. ಆದರೆ ಬಾಯಿಪಾಠ ಬಂದವರೆಲ್ಲ ಪಾಸಾಗುವಂತಿದ್ದರೆ ಇನ್ನೇನು ಬೇಕಿತ್ತು. ಐವತ್ತೇಳನೆಯ ಇಸವಿಯ ಚಳಿಗಾಲದಲ್ಲಿ, ಹುಟ್ಟಿದಾಗಿನಿಂದ ಆ ನೀರಿನಲ್ಲೇ ಬಿದ್ದು ಎದ್ದ, ಮೂವತ್ತೆರಡು ದಾಟಿದ ಲಾಯಲ್ ಈ ಮೂರನೆಯದರಲ್ಲಿ ಎಡವಿದ.

ಅವನ ತಲೆ ನೆಟ್ಟಗಿರಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಅದಕ್ಕೆ ಮೂರು ದಿನ ಮುಂಚೆ ಕರೀ ಕಾರು ಬಂದು ಹೋಗಿತ್ತು.

ಲಾಯಲ್‌ಗೆ ಒಬ್ಬ ಅಣ್ಣ, ಕ್ಲಾರಿ. ಇಬ್ಬರಿಗೂ ಮದುವೆಯಿಲ್ಲ. ಊರಿನಾಚೆ, ಜೊಂಡು ಬೆಳೆದ ದಡದಲ್ಲಿ, ತಗಡು ಗೋಣಿಗಳಿಂದ ಕಟ್ಟಿಕೊಂಡ ಎರಡು ಕೋಣೆಯ ಮನೆ. ಬಲೆ ಬಿಟ್ಟು ಹಿಡಿದ ಮೀನನ್ನು ಪಟ್ಟಣದ ಲಾರಿಗೆ ಹಾಕುವುದು ಕಸುಬು. ಎರಡು ವರ್ಷದ ಹಿಂದೆ ಅವರ ತಂಗಿ ಎದೆಬೇನೆಯಿಂದ ತೀರಿಕೊಂಡಳು. ತೀರಿಕೊಂಡವರ ಹೆಸರು ಎತ್ತಬಾರದು, ಹಾಗಾಗಿ ಈ ಕಥೆಯಲ್ಲೂ ಅವಳಿಗೆ ಹೆಸರಿಲ್ಲ. ಅವಳ ಗಂಡ ಕುರಿ ತುಪ್ಪಳ ಕತ್ತರಿಸುವವರ ಗುಂಪಿನ ಜೊತೆ ಉತ್ತರಕ್ಕೆ ಹೋದವನು ಹೋದವನೇ. ಉಳಿದದ್ದು ಆಗ ಎರಡು ವರ್ಷದ ನೋಲಾ, ಮತ್ತು ಮಗು ಎತ್ತಿಕೊಳ್ಳುವುದಕ್ಕೂ ಬಾರದ ಇಬ್ಬರು ಸೋದರಮಾವಂದಿರು.

ಬಾರದ್ದನ್ನು ಕಲಿತರು. ಕ್ಲಾರಿ ಬಲೆ ಹೆಣೆಯುವ ಕೈಯಲ್ಲೇ ಜಡೆ ಹೆಣೆದ. ತುದಿಗೆ ಬಲೆಯ ಗಂಟನ್ನೇ ಹಾಕುತ್ತಿದ್ದ, ಬಿಚ್ಚಬೇಕಾದರೆ ಮತ್ತೆ ಅವನೇ ಬರಬೇಕು. ಲಾಯಲ್ ಹಿಟ್ಟಿನ ಚೀಲ ಕತ್ತರಿಸಿ ಲಂಗ ಹೊಲಿದ, ಹಿಂದುಗಡೆ ಗಿರಣಿಯ ಹೆಸರು ಅರ್ಧ ಕಾಣುತ್ತಿತ್ತು. ಪಕ್ಕದ ಮನೆಯ ಮಿಮ್ಮಜ್ಜಿ, ಜೊಂಡಿನ ಬುಟ್ಟಿ ಹೆಣೆದೂ ಹೆಣೆದೂ ಬೆರಳು ಸೊಟ್ಟಗಾದ ಎಪ್ಪತ್ತರ ಮುದುಕಿ, ಅದನ್ನು ನೋಡಿ "ಏನ್ರೋ, ಮಗೂನ ತೂಕಕ್ಕೆ ಹಾಕ್ತೀರೇನ್ರೋ" ಅಂತ ಹಂಗಿಸಿದ್ದಳು. ಹಂಗಿಸಿದರೂ ಲಂಗದ ಅಂಚನ್ನು ತಾನೇ ಕೂತು ಮಡಚಿ ಹೊಲಿದುಕೊಟ್ಟಳು. ನೋಲಾ ದೊಡ್ಡಮಾವನ ಹೆಗಲ ಮೇಲೆ ಕೂತು ಬಲೆ ಎಳೆಯುವುದು ನೋಡಿದಳು, ಚಿಕ್ಕಮಾವನ ಪಕ್ಕ ಮಲಗಿ ಅವನ ಕಿವಿ ಹಿಡಿದುಕೊಂಡೇ ನಿದ್ದೆ ಹೋದಳು. ಎರಡು ವರ್ಷ ಹೀಗೆ ಕಳೆಯಿತು.

ಆಮೇಲೆ ಆ ಕಾರು. ಇಳಿದವನು ಮಕ್ಕಳ ಇಲಾಖೆಯ ಬಿಳಿಯ ಸಾಹೇಬ, ಬೂದು ಬಣ್ಣದ ಟೋಪಿ, ಕಂಕುಳಲ್ಲಿ ಕಾಗದದ ಕಟ್ಟು. ಒಳಗೆ ಬಂದು ಬೀರುವಿನ ಬಾಗಿಲು ತೆಗೆದು ಡಬ್ಬಿಗಳನ್ನು ನೋಡಿದ, ಕಂಬಳಿ ಎತ್ತಿ ಮೂಸಿದ, ನೋಲಾಳ ಉಗುರು ನೋಡಿದ. ಕುದುರೆ ಕೊಳ್ಳುವವರು ಹಾಗೆ ನೋಡುತ್ತಾರೆ. ಎಲ್ಲ ಆದ ಮೇಲೆ, "ಮನೆ ಚೊಕ್ಕಟವಾಗೇ ಇಟ್ಟಿದೀರ, ಇಲ್ಲ ಅನ್ನಲ್ಲ. ಆದ್ರೆ ಹೆಣ್ಣಿಲ್ಲದ ಮನೇಲಿ ಹೆಣ್ಣುಮಗೂನ ಬಿಡೋಕಾಗಲ್ಲ. ಮುಂದಿನ ತಿಂಗಳು ಬಂದು ಕರ್ಕೊಂಡು ಹೋಗ್ತೀನಿ, ಬಟ್ಟೆ ಒಂದು ಚೀಲಕ್ಕೆ ಹಾಕಿಡಿ" ಅಂದ.

"ನಾನು ಇಟ್ಕೋತೀನಿ" ಅಂತ ಮಿಮ್ಮಜ್ಜಿ ಮುಂದೆ ಬಂದಳು.

"ನಿಮ್ಮ ಮನೇಲಿ ಆಗ್ಲೇ ಮೂರು ಮೊಮ್ಮಕ್ಕಳಿದಾರೆ. ಅಲ್ಲಿ ಜಾಗ ಭರ್ತಿ" ಅಂದ ಸಾಹೇಬ, ಅವಳ ಮುಖ ನೋಡದೆ.

ಆ ಕಾರಿನಲ್ಲಿ ದೂರದ ಅನಾಥಾಲಯಕ್ಕೆ ಹೋದ ಮಕ್ಕಳು ಏನಾಗುತ್ತಾರೆ ಅಂತ ದಡದ ಮೂಲನಿವಾಸಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಿಮ್ಮಜ್ಜಿಯ ತಂಗಿಯ ಮಗ ಹಾಗೆ ಹೋದವನು ಇಪ್ಪತ್ತು ವರ್ಷದ ಮೇಲೆ ಹುಡುಕಿಕೊಂಡು ಬಂದು, ಹೆತ್ತ ತಾಯಿಯ ಎದುರು ನಿಂತು, "ನೀವು ಯಾರು" ಅಂತ ಕೇಳಿದ್ದ.

ಅವತ್ತಿನಿಂದ ಲಾಯಲ್‌ಗೆ ಅನ್ನ ನೀರು ಸೇರಲಿಲ್ಲ. ನೋಲಾ ಹೋದರೆ ಈ ಮನೆಯಲ್ಲಿ ತಾನು ಏನು ಅಂತ ಇರುವುದು ಅನ್ನುವುದೊಂದೇ ಯೋಚನೆ. ಹುಚ್ಚುಹುಚ್ಚಾಗಿ ಕೆಲಸಕ್ಕೆ ಬಿದ್ದ. ಮೂರನೆಯ ದಿನ ಬೆಳಿಗ್ಗೆ ಬುಟ್ಟಿ ತಗಲಿಸಿಕೊಂಡು, ತಳ ಚಪ್ಪಟೆಯ ದೋಣಿಯನ್ನು ಗಳ ಹಾಕಿ ನೂಕುತ್ತ, ಜೊಂಡಿನೊಳಗೆ ಹೊರಟ.

ಮರಳ ದಿಬ್ಬಗಳ ಆಚೆ ಸಮುದ್ರದ ಮೊರೆತ, ಈಚೆ ಉಪ್ಪು ಹಿನ್ನೀರು, ಅದರ ಅಂಚಿನಲ್ಲಿ ಅಲ್ಲಲ್ಲಿ ನೆಲದಿಂದ ಸಿಹಿನೀರು ಒಸರುವ ಜಾಗ. ಕರಿಹಂಸ ಗೂಡು ಕಟ್ಟುವುದು ಇಂಥ ಕಡೆಯೇ: ಕುಡಿಯಲು ಸಿಹಿನೀರು, ಮರೆಗೆ ಜೊಂಡು, ತಲೆ ಕೆಳಗೆ ಬಾಲ ಮೇಲೆ ಮಾಡಿ ಮೇಯುವುದಕ್ಕೆ ಕತ್ತಿಗೆ ಎಟುಕುವ ಆಳದಲ್ಲಿ ಪಾಚಿ. ಹೋದ ವರ್ಷದ ದಿಬ್ಬದ ಮೇಲೇ ಈ ವರ್ಷದ ಜೊಂಡು ಪೇರಿಸುತ್ತವೆ. ಹಳೇ ಗೂಡಾದರೆ ಒಬ್ಬ ಆಳು ಕಾಲು ಚಾಚಿ ಮಲಗಬಹುದು.

ಅಂಥದೊಂದು ಗೂಡಿನ ಹತ್ತಿರ ಗಲಾಟೆ ನಡೆದಿತ್ತು. ಎರಡು ಹಂಸಗಳು ಸೇರಿ ಮೂರನೆಯದನ್ನು ಓಡಿಸುತ್ತಿದ್ದವು. ಕತ್ತು ನೀರಿನ ಮಟ್ಟಕ್ಕೆ ಚಾಚಿ, ರೆಕ್ಕೆ ಬಡಿದು, ಕಹಳೆ ಊದಿ ಅಟ್ಟಿದವು. ಓಡಿದ್ದು ಹೆಣ್ಣು. ಅದರ ಕತ್ತು ಗಿಡ್ಡ, ಮೈ ಚಿಕ್ಕದು, ಲಾಯಲ್‌ಗೆ ನೋಡಿದ ಕೂಡಲೇ ಗೊತ್ತಾಯಿತು. ಅಟ್ಟಿದವು ಎರಡೂ ಗಂಡು, ನೀಳ ಕತ್ತು, ಉದ್ದನೆಯ ಕೆಂಪು ಕೊಕ್ಕು, ಕೊಕ್ಕಿನ ತುದಿಯಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಪಟ್ಟಿ. ಹೆಣ್ಣು ಮತ್ತೆ ಬರಲಿಲ್ಲ. ಲಾಯಲ್ ಸುಮಾರು ಹೊತ್ತು ಕಾದ. ಗೂಡಿನಲ್ಲಿ ಐದು ಮೊಟ್ಟೆ, ತೆಳು ಹಸಿರು, ಒಂದೊಂದೂ ಅಂಗೈ ತುಂಬುವಷ್ಟು.

ಹೆಣ್ಣಿಲ್ಲ, ಅಂದರೆ ಅನಾಥ ಗೂಡು, ಅಂದುಕೊಂಡ. ಗಳದಿಂದ ನೀರು ಬಡಿದು ಗಂಡುಗಳನ್ನು ದೂರ ಅಟ್ಟಿದ. ಐದನ್ನೂ ನೀರಿನಲ್ಲಿ ಬಿಟ್ಟು ನೋಡಿದ, ಐದೂ ತಳದಲ್ಲಿ ಅಡ್ಡ ಮಲಗಿದವು, ನಿನ್ನೆ ಮೊನ್ನೆ ಇಟ್ಟವು. ಐದನ್ನೂ ಬುಟ್ಟಿಗೆ ಹಾಕಿಕೊಂಡ. ದೋಣಿ ತಿರುಗಿಸುವಾಗ ಹಿಂದಿನಿಂದ ಎರಡು ಹಕ್ಕಿಗಳೂ ಕೂಗಿದ್ದು ಕೇಳಿಸಿತು. ಕಟ್ಟುಪಾಡಿನಂತೆ ನಡೆದಿದ್ದೇನೆ ಅನ್ನುವ ಧೈರ್ಯದಲ್ಲಿ ಹಿಂತಿರುಗಿ ನೋಡಲಿಲ್ಲ.

ಮನೆಯಲ್ಲಿ ಮಿಮ್ಮಜ್ಜಿ ಒಲೆ ಮುಂದೆ ಕೂತಿದ್ದಳು. ನೋಲಾ ಪಕ್ಕದ ಕೋಣೆಯಲ್ಲಿ ಇನ್ನೂ ಮಲಗಿತ್ತು. ಅಜ್ಜಿ ಬುಟ್ಟಿ ನೋಡಿದ್ದೇ ಒಂದನ್ನು ಎತ್ತಿ ಕುರಿಕೊಬ್ಬು ಕಾದ ಬಾಣಲೆಗೆ ಒಡೆದಳು. ಒಂದೇ ಮೊಟ್ಟೆ ಬಾಣಲೆ ತುಂಬಿತು.

"ಐದಾ? ಯಾವ ಗೂಡು?" ಅಂದ ಕ್ಲಾರಿ. ಅವನು ಬಾಗಿಲಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಿದ್ದ.

"ಒಸರಿನ ಹತ್ರದ ದೊಡ್ಡ ದಿಬ್ಬ ಇಲ್ವಾ ಅಣ್ಣ, ಅದು. ಅನಾಥ ಗೂಡು. ಹೆಣ್ಣನ್ನ ಓಡಿಸ್ಬಿಟ್ಟವೆ. ಎರಡು ಗಂಡು ಕುಂಗಾರಿ ಕಾವಲು ಕೂತಿದ್ವು." ದಡದವರ ಮಾತಿನಲ್ಲಿ ಕರಿಹಂಸಕ್ಕೆ ಕುಂಗಾರಿ ಅಂತಲೇ ಹೆಸರು.

ಕ್ಲಾರಿಯ ಕೈ ನಿಂತಿತು. "ಎರಡು ಗಂಡು ಕೂತಿದ್ರೆ ಅದು ಅನಾಥ ಹೆಂಗಾಯ್ತೋ?"

"ಹೆಣ್ಣಿಲ್ವಲ್ಲ ಅಣ್ಣ."

"ಹೆಣ್ಣಿಲ್ಲದ ಗೂಡು."

"ಹೂಂ."

ಕ್ಲಾರಿ ಬಲೆ ಕೆಳಗಿಟ್ಟ. ಸಿಟ್ಟು ಬಂದಾಗ ಅವನ ದನಿ ಇಳಿಯುತ್ತದೆ, ಏರುವುದಿಲ್ಲ. "ಹಂಗಾದ್ರೆ ಒಳಗೆ ಮಲಗಿರೋದೇನೋ ತಮ್ಮಾ? ನೀನೂ ಒಂದು ಟೋಪಿ ಹಾಕ್ಕೊಂಡು ಕಾರಲ್ಲಿ ಬಾ. ಕಂಕುಳಲ್ಲಿ ಕಾಗದ ಇಟ್ಕೋ."

ಲಾಯಲ್‌ಗೆ ನಿಂತ ನೆಲ ಕುಸಿದ ಹಾಗಾಯಿತು. ಮಿಮ್ಮಜ್ಜಿ ಬಾಣಲೆಯನ್ನು ಒಲೆಯಿಂದ ಇಳಿಸಿ ತಲೆ ತಗ್ಗಿಸಿ ಕೂತಳು.

"ಅಪ್ಪ ನಂಗೆ ತೋರಿಸಿದ್ದ," ಅಂದ ಕ್ಲಾರಿ, ಈಗ ಸ್ವಲ್ಪ ಮೆತ್ತಗೆ. "ಹಂಗಿರೋ ಜೋಡಿಗಳು ಬೇಕಾದಷ್ಟಿದಾವೆ. ಒಂದು ಹೆಣ್ಣನ್ನ ಸೇರಿಸ್ಕೋತವೆ, ಮೊಟ್ಟೆ ಇಡೋಗಂಟ. ಆಮೇಲೆ ತಾವೇ ಕಾವು ಕೂತು, ತಾವೇ ಮರಿ ಮಾಡ್ತವೆ. ಇಬ್ರೂ ಗಟ್ಟಿ ಆಳುಗಳು, ಹದ್ದಾಗ್ಲಿ ನೀರಿನ ಇಲಿಯಾಗ್ಲಿ ಯಾವುದೂ ಹತ್ರ ಸುಳಿಯಲ್ಲ. ಅಂಥ ಗೂಡಿನ ಮರಿಗಳೇ ಜಾಸ್ತಿ ಉಳಿಯೋದು. ನೀನಾಗ ಚಿಕ್ಕೋನು, ನಿಂಗೆ ತೋರಿಸೋ ಹೊತ್ತಿಗೆ ಅಪ್ಪ ಇರಲಿಲ್ಲ."

"ಎರಡು ನಮ್ಮ ಪಾಲು ಅಂತ ಇಟ್ಕೊಂಡು ಉಳಿದದ್ದು ಕೊಟ್ಟು ಬರ್ಲಾ?"

"ಈ ಸಲ ನಮಗೆ ಪಾಲಿಲ್ಲ. ಬಾಣಲೇದು ಬಿಡು, ಅದಕ್ಕೇನೂ ಮಾಡೋಕಾಗಲ್ಲ. ನಾಲ್ಕನ್ನೂ ಒಯ್ದು ಇಟ್ಟು ಬಾ."

ಲಾಯಲ್ ಮೊಟ್ಟೆಗಳನ್ನು ಅಂಗಿಯೊಳಗೆ ಹೊಟ್ಟೆಗೆ ತಾಗಿಸಿ ಇಟ್ಟುಕೊಂಡು ಹೋದ. ಹೋಗಿ ನೋಡಿದರೆ ಎರಡರಲ್ಲಿ ಒಂದು ಹಂಸ ಖಾಲಿ ಗೂಡಿನ ಮೇಲೆ ಕೂತಿತ್ತು. ಏನೂ ಇಲ್ಲದ ಕಡೆ, ಕೊಕ್ಕಿನಿಂದ ಜೊಂಡು ಸರಿಪಡಿಸಿಕೊಂಡು, ಮೊಟ್ಟೆ ಇದೆ ಅನ್ನುವಂತೆಯೇ ಕೂತಿತ್ತು. ಲಾಯಲ್ ಆ ನೀರಿನಲ್ಲಿ ನಿಂತು ಅತ್ತ. ಹಕ್ಕಿ ಬುಸುಗುಡುತ್ತ ಹಿಂದೆ ಸರಿಯಿತು. ಅವನು ಒಂದೊಂದಾಗಿ ನಾಲ್ಕನ್ನೂ ಇಟ್ಟು, ಸುತ್ತ ಒಂದು ತೋಳು ತುಂಬ ಹಸಿ ಜೊಂಡು ಕೊಯ್ದು ಹಾಕಿ, ದೂರ ಹೋಗಿ ಕಾದ. ಬಿಸಿಲು ಏರುವ ಹೊತ್ತಿಗೆ ಹಕ್ಕಿ ವಾಪಸ್ ಬಂತು. ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿ, ರೆಕ್ಕೆ ಸಡಿಲಿಸಿ ಮೇಲೆ ಕೂತಿತು. ಸದ್ಯ ಬದುಕಿಕೊಂಡೆ ಅಂದುಕೊಂಡ ಲಾಯಲ್.

ಅಷ್ಟಕ್ಕೆ ಮುಗಿಯಿತು ಅಂತ ಸುಮ್ಮನಾಗಬಹುದಿತ್ತು. ಅವನು ಸುಮ್ಮನಾಗಲಿಲ್ಲ. ದಿನವೂ ಒಂದು ಹೊರೆ ಜೊಂಡು ಕೊಯ್ದು ಗೂಡಿನ ಪಕ್ಕ ನೀರಿನಲ್ಲಿ ತೇಲಿಬಿಟ್ಟು ಬರುತ್ತಿದ್ದ. ಹಂಸಗಳು ಅದನ್ನು ಕೊಕ್ಕಿನಲ್ಲಿ ಎಳೆದು ದಿಬ್ಬಕ್ಕೆ ಸೇರಿಸಿಕೊಳ್ಳುತ್ತಿದ್ದವು. ಎರಡನೆಯ ವಾರದಿಂದ ನೋಲಾಳನ್ನೂ ಕರೆದೊಯ್ದ. ಹತ್ತು ಹೆಜ್ಜೆ ದೂರದಲ್ಲಿ ಪಾಳುಬಿದ್ದ ಇನ್ನೊಂದು ಗೂಡಿತ್ತು. ಅದರ ಮೇಲೆ ಇಬ್ಬರೂ ಬೋರಲು ಮಲಗಿ ನೋಡುವುದು. ಒಂದು ಹಕ್ಕಿ ಎದ್ದರೆ ಇನ್ನೊಂದು ಕೂರುತ್ತಿತ್ತು, ಹೊರಗಿದ್ದದ್ದು ಮೇಯ್ದು ಬರುತ್ತಿತ್ತು. ಪಾಳಿ ಬದಲಾಗುವಾಗ ಎರಡೂ ಕತ್ತು ಎತ್ತಿ ಒಂದಕ್ಕೊಂದು ಕೂಗಿ ಮಾತಾಡಿಕೊಳ್ಳುತ್ತಿದ್ದವು.

"ನಾವು ಮರಿಗಳು ಕಣೇ," ಅಂತ ಲಾಯಲ್ ಪಿಸುಗುಡುತ್ತಿದ್ದ. "ಹದ್ದು ಬಂತು ಅಂದ್ರೆ ಮರಿ ಏನ್ ಮಾಡುತ್ತೆ?"

ನೋಲಾ ಕತ್ತು ತಗ್ಗಿಸಿ, ಕಣ್ಣು ಮುಚ್ಚಿ, ಉಸಿರು ಕಟ್ಟುತ್ತಿತ್ತು.

"ಎಷ್ಟು ಹೊತ್ತು?"

"ಮಾವ ಸಾಕು ಅನ್ನೋಗಂಟ," ಅನ್ನುತ್ತಿತ್ತು. ಆಟ ಅದಕ್ಕೆ. ಲಾಯಲ್‌ಗೆ ಅದು ಆಟವಾಗಿರಲಿಲ್ಲ.

ಐದು ವಾರ ಹೀಗೆ. ಚೀಲಕ್ಕೆ ಬಟ್ಟೆ ಯಾರೂ ಹಾಕಲಿಲ್ಲ.

ಆಗಸ್ಟ್ ಕೊನೆಯ, ಅಂದರೆ ಆ ದಕ್ಷಿಣದ ಸೀಮೆಯಲ್ಲಿ ಚಳಿಗಾಲದ ಕೊನೆಯ, ಒಂದು ಬೆಳಿಗ್ಗೆ ಮಿಮ್ಮಜ್ಜಿ ಸೀಮೆಎಣ್ಣೆ ಡಬ್ಬ ಬಡಿದಳು. ಅದು ಕಾರು ಬಂತು ಅನ್ನುವ ಗುರುತು. ಲಾಯಲ್ ರೊಟ್ಟಿ ತಿನ್ನುತ್ತಿದ್ದ ನೋಲಾಳನ್ನು ರೊಟ್ಟಿ ಸಮೇತ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಓಡಿದ. ದೋಣಿ ಮುಟ್ಟಿದರೆ ಸದ್ದಾಗುತ್ತದೆ, ಸೊಂಟದವರೆಗೆ ನೀರಿನಲ್ಲೇ ನಡೆದ. ಹೊಟ್ಟೆ ಮರಗಟ್ಟುವಷ್ಟು ಚಳಿ. ಪಾಳು ಗೂಡಿಗೆ ಮಗುವನ್ನು ಹತ್ತಿಸಿ, ತಾನು ಕತ್ತಿನವರೆಗೆ ನೀರಿನಲ್ಲಿ ಕೂತ. ಆಮೇಲೆ ನೆನಪಾಯಿತು, ದಡದ ಕೆಸರಿನಲ್ಲಿ ನಿನ್ನೆ ಸಂಜೆ ನೋಲಾ ಬರಿಗಾಲಿನಲ್ಲಿ ಕುಣಿದಾಡಿತ್ತು. ಪುಟ್ಟ ಪಾದದ ಗುರುತು ನೀರಿನವರೆಗೂ ಇದೆ. ಅಳಿಸಿರಲಿಲ್ಲ.

ಎದುರಿನ ಗೂಡಿನಲ್ಲಿ ಅವತ್ತೇ ಮೊಟ್ಟೆಗಳು ಒಡೆದು ಮರಿಯಾಗಿದ್ದವು. ಮೂರು ಹೊರಗೆ ಬಂದು ಒಣಗಿ ಬೂದಿ ಬಣ್ಣದ ಉಂಡೆಗಳಾಗಿದ್ದವು. ನಾಲ್ಕನೆಯದು ಚಿಪ್ಪಿನಿಂದ ಅರ್ಧ ಹೊರಗೆ. ಒಂದು ಹಂಸ ಮರಿಗಳನ್ನು ರೆಕ್ಕೆಯಡಿ ಒತ್ತಿಕೊಂಡು ಕೂತಿತ್ತು. ಇನ್ನೊಂದು ಸುತ್ತ ಈಜುತ್ತ ಕಾವಲಿತ್ತು. ಅವು ಲಾಯಲ್‌ನನ್ನು ನೋಡಿದವು. ಐದು ವಾರದಿಂದ ಜೊಂಡು ತರುವ ಮುಖ. ನೋಡಿ ಸುಮ್ಮನಾದವು.

ಸ್ವಲ್ಪ ಹೊತ್ತಿಗೆ ದಡದ ಕಡೆಯಿಂದ ಕ್ಲಾರಿಯ ದನಿ ಬಂತು, ಬೇಕೆಂದೇ ಜೋರಾಗಿ: "ಬೇಡ ಸಾಹೇಬ್ರೇ, ಅಲ್ಲಿ ಕಾಲು ಹೂತ್ಕೊಳ್ಳುತ್ತೆ. ನಮ್ಮ ಮಾತು ಕೇಳಿ."

ಸಾಹೇಬ ಕೇಳಲಿಲ್ಲ. ಅವನಿಗೆ ಹೆಜ್ಜೆಗಳು ಕಂಡಿದ್ದವು. ಷರಾಯಿ ಮೊಣಕಾಲಿಗೆ ಮಡಚಿಕೊಂಡು, ನೀರು ಕಡಿಮೆಯಿರುವ ಕೆಸರಿನ ಬದಿಯಿಂದ ಜೊಂಡು ಸೀಳಿಕೊಂಡು ಬಂದ. ಹತ್ತಿರ, ಇನ್ನೂ ಹತ್ತಿರ. ಜೊಂಡಿನ ಸಂದಿಯಲ್ಲಿ ಬೂದು ಟೋಪಿ ಲಾಯಲ್‌ಗೆ ಕಾಣಿಸಿತು. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ನೀರು ಅಲುಗುತ್ತದೇನೋ ಅಂತ ಭಯವಾಯಿತು. ನೋಲಾ ಕತ್ತು ತಗ್ಗಿಸಿ, ಕಣ್ಣು ಮುಚ್ಚಿ, ಬಾಯಲ್ಲಿ ರೊಟ್ಟಿ ಚೂರು ಹಾಗೇ ಇಟ್ಟುಕೊಂಡು ಮಲಗಿತ್ತು. ಅಗಿಯುವುದನ್ನೂ ನಿಲ್ಲಿಸಿತ್ತು.

ಇನ್ನು ಮೂರು ಹೆಜ್ಜೆ ಇಟ್ಟಿದ್ದರೆ ಸಾಹೇಬನಿಗೆ ಪಾಳು ಗೂಡು ಕಾಣುತ್ತಿತ್ತು. ಆ ಮೂರು ಹೆಜ್ಜೆಗೆ ಅಡ್ಡ ಬಂದದ್ದು ಕಾವಲಿನ ಹಂಸ.

ಮೊದಲು ಕತ್ತು ನೀರಿನ ಮೇಲೆ ಹಾವಿನಂತೆ ಚಾಚಿತು. ಆಮೇಲೆ ರೆಕ್ಕೆ ಎತ್ತಿತು. ಮಡಚಿದಾಗ ಕಪ್ಪೆಂದರೆ ಕಪ್ಪು, ಬಿಚ್ಚಿದಾಗ ತುದಿಯ ಗರಿಗಳೆಲ್ಲ ಬಿಳಿ. ಆ ಬಿಳುಪು ದಿಢೀರನೆ ಮುಖದ ಮುಂದೆ ಬಂದರೆ ಎಂಥವನೂ ಒಂದು ಹೆಜ್ಜೆ ಹಿಂದಿಡಬೇಕು. ಸಾಹೇಬ ಹಿಂದಿಟ್ಟ ಹೆಜ್ಜೆ ಕೆಸರಿನಲ್ಲಿ ಹೂತಿತು. ಹಂಸ ರೆಕ್ಕೆಯ ಮೂಳೆಯಿಂದ ಅವನ ಮೊಣಕಾಲಿಗೆ ಒಂದೇಟು ಕೊಟ್ಟಿತು, ಕಟ್ಟಿಗೆಗೆ ಕಟ್ಟಿಗೆ ಹೊಡೆದ ಸದ್ದು ಬಂತು. ಸಾಹೇಬ ಹಿಮ್ಮುಖವಾಗಿ ನೀರಿಗೆ ಬಿದ್ದ. ಎದ್ದ, ಮತ್ತೆ ಬಿದ್ದ. ಹಕ್ಕಿ ಬಿಡಲಿಲ್ಲ, ಕಹಳೆ ಊದುತ್ತ ಅವನ ಬೆನ್ನು ಹತ್ತಿ ದಡದವರೆಗೂ ಅಟ್ಟಿಕೊಂಡು ಹೋಯಿತು. ಟೋಪಿ ತೇಲಿಕೊಂಡು ಗೂಡಿನ ಹತ್ತಿರ ಬಂತು. ಮರಿಗಳ ಮೇಲೆ ಕೂತಿದ್ದ ಹಂಸ ಎದ್ದೇಳದೆ ಕೊಕ್ಕು ಚಾಚಿ ಅದನ್ನು ಎಳೆದು, ತಿರುವಿ ನೋಡಿ, ಜೊಂಡಿನ ಜೊತೆ ದಿಬ್ಬಕ್ಕೆ ಸಿಕ್ಕಿಸಿಕೊಂಡಿತು.

ಲಾಯಲ್‌ಗೆ ನಗು ಬರಬೇಕಿತ್ತು. ಬರಲಿಲ್ಲ. ನೀರಿನಲ್ಲಿ ಕೂತೇ ಆ ಹಕ್ಕಿಗೆ ಕೈ ಮುಗಿಯುವಂತಾಯಿತು ಅವನಿಗೆ. ನಿಮ್ಮ ಮನೆ ಬರಿದು ಮಾಡಿದವನು ನಾನು. ನನ್ನ ಮನೆ ಉಳಿಸಿದವರು ನೀವು. ಈ ಋಣ ಯಾವ ಜನ್ಮಕ್ಕೆ ತೀರಿಸಲಿ ಅಂದುಕೊಂಡ. ಅವನ ಹಲ್ಲು ಚಳಿಗೆ ಕಟಕಟ ಅನ್ನುತ್ತಿತ್ತು. ಎದುರಿಗೆ ನಾಲ್ಕನೆಯ ಮರಿ ಚಿಪ್ಪು ಒದ್ದು ಹೊರಗೆ ಬಂದು, ದಾರಿ ಹುಡುಕಿಕೊಂಡು ರೆಕ್ಕೆಯಡಿ ನುಗ್ಗಿತು.

ಮನೆಯಲ್ಲಿ ಆಮೇಲೆ ನಡೆದದ್ದನ್ನು ಕ್ಲಾರಿ ಮೂರು ಸಂಜೆ ಹೇಳಿದ, ಒಂದೊಂದು ಸಂಜೆಯೂ ಸ್ವಲ್ಪ ಉದ್ದವಾಗಿ. ಸಾಹೇಬನನ್ನು ಒಲೆ ಮುಂದೆ ಕೂರಿಸಿ, ತನ್ನ ಒಣ ಷರಾಯಿ ಕೊಟ್ಟನಂತೆ, ಅದು ಸಾಹೇಬನ ಮೊಣಕಾಲಿಗೇ ನಿಂತಿತಂತೆ. ಚಾ ಕುಡಿಸಿ, ಮೀನು ಸುಟ್ಟು ಕೊಟ್ಟನಂತೆ.

"ನಮ್ಮ ದೇಶದಲ್ಲಿ ಹಂಸ ಬೆಳ್ಳಗಿರ್ತವೆ," ಅಂತ ಸಾಹೇಬ ಮೊಣಕಾಲು ಉಜ್ಜಿಕೊಳ್ಳುತ್ತ ಹೇಳಿದನಂತೆ. "ಸಾಧು. ಕೈಯಿಂದ ರೊಟ್ಟಿ ತಿಂತವೆ."

"ಒಗೆದೂ ಒಗೆದೂ ಬಣ್ಣದ ಜೊತೆ ಕಸುವೂ ಹೋಗಿರ್ಬೇಕು ಸಾಹೇಬ್ರೇ," ಅಂದನಂತೆ ಕ್ಲಾರಿ. ಆಮೇಲೆ ಚಾ ಇನ್ನೊಂದು ಲೋಟ ಬಗ್ಗಿಸುತ್ತ, ಏನೂ ಅಲ್ಲ ಅನ್ನುವಂತೆ, "ಆ ಹೆಜ್ಜೆ ಅಜ್ಜಿ ಮೊಮ್ಮಕ್ಕಳದ್ದು. ನಮ್ಮ ಮಗು ಗಡಿಯಾಚೆ ಚಿಕ್ಕಮ್ಮನ ಮನೆಗೆ ಹೋಗಿ ಎರಡು ವಾರ ಆಯ್ತು. ಅಲ್ಲಿ ಹೆಂಗಸ್ರಿದಾರೆ. ನೀವೇ ಹೇಳಿದ್ರಲ್ಲ" ಅಂದನಂತೆ.

ಗಡಿಯಾಚೆ ಅಂದರೆ ಬೇರೆ ರಾಜ್ಯ, ಬೇರೆ ಇಲಾಖೆ, ಬೇರೆ ಸಾಹೇಬನ ತಲೆನೋವು. ಈ ಸಾಹೇಬನಿಗೆ ಮೈಯೆಲ್ಲ ಕೆಸರು, ಬೋಳು ತಲೆ, ಮೊಣಕಾಲು ಊದಿ ಕುಂಬಳಕಾಯಿ. ಹಕ್ಕಿ ಹೊಡೆಯಿತು ಅಂತ ಕಚೇರಿಯಲ್ಲಿ ಹೇಳಿಕೊಳ್ಳುವ ಹಾಗೂ ಇಲ್ಲ. ಮಗು ಇಲ್ಲಿಲ್ಲ ಅಂತ ಒದ್ದೆ ಕಾಗದದಲ್ಲಿ ಬರೆದು ಹೊರಟುಹೋದ. ಕ್ಲಾರಿಯ ಷರಾಯಿ ಹೋದದ್ದು ಹೋಯಿತು, ವಾಪಸ್ ಬರಲಿಲ್ಲ.

ಆಮೇಲೂ ಎರಡು ಸಲ ಆ ದಾರಿಯಲ್ಲಿ ಕರೀ ಕಾರು ಬಂದದ್ದುಂಟು, ಬೇರೆ ಮನೆಗಳಿಗೆ. ಎರಡು ಸಲವೂ ಡಬ್ಬ ಬಡಿಯಿತು, ಎರಡು ಸಲವೂ ಲಾಯಲ್ ನೀರಿಗಿಳಿದ. ಎಲ್ಲ ಮನೆಗಳಿಗೂ ಹಂಸ ಅಡ್ಡ ಬರಲಿಲ್ಲ, ಅದನ್ನೂ ಹೇಳಬೇಕು. ಹೋದ ಮಕ್ಕಳು ಹೋದವು. ನೋಲಾ ಮಾತ್ರ ಆ ತಗಡಿನ ಮನೆಯಲ್ಲೇ ಬೆಳೆದಳು. "ಕಾಗದದಲ್ಲಿ ಇಲ್ಲದ ಮಗು ನಾಲ್ಕು ರೊಟ್ಟಿ ತಿಂತದಲ್ಲೋ" ಅಂತ ಮಿಮ್ಮಜ್ಜಿ ಆಮೇಲೂ ಎಷ್ಟೋ ವರ್ಷ ಹಂಗಿಸಿದಳು. ಜಡೆ ಹಾಕಿಕೊಳ್ಳುವುದು ತಾನೇ ಕಲಿತ ಮೇಲೂ ನೋಲಾ ತುದಿಗೆ ಬಲೆಯ ಗಂಟನ್ನೇ ಹಾಕುತ್ತಿದ್ದಳು, ಮದುವೆಯ ದಿನವೂ. ಆ ಒಸರಿನ ದಿಬ್ಬದಿಂದ ಅವರ ಮನೆಯವರು ಇವತ್ತಿಗೂ ಮೊಟ್ಟೆ ತೆಗೆಯುವುದಿಲ್ಲ. ಚಳಿಗಾಲ ಶುರುವಾದಾಗ ಮೊದಲು ಅಲ್ಲಿಗೆ ಹೋಗಿ ಒಂದು ಹೊರೆ ಜೊಂಡು ಬಿಟ್ಟು ಬರುತ್ತಾರೆ. ಈಗ ಅಲ್ಲಿ ಯಾವ ಹಂಸಗಳಿವೆಯೋ, ಅವುಗಳ ಮೊಮ್ಮಕ್ಕಳೋ, ಯಾರಿಗೆ ಗೊತ್ತು.

ಆದರೆ ಆ ದಿನದ ಸಂಜೆಯದ್ದೊಂದು ಹೇಳುವುದು ಬಿಟ್ಟೆ.

ಕಾರು ಹೋದ ಮೇಲೂ ಕ್ಲಾರಿ ಹೊತ್ತು ಇಳಿಯುವವರೆಗೆ ಕರೆಯಲಿಲ್ಲ, ವಾಪಸ್ ಬಂದರೆ ಅಂತ. ಲಾಯಲ್ ಮಗುವನ್ನು ಹೊತ್ತು ಬಂದಾಗ ಅವನ ತುಟಿ ನೀಲಿಯಾಗಿತ್ತು. ಮಿಮ್ಮಜ್ಜಿ ಇಬ್ಬರನ್ನೂ ಒಂದೇ ಕಂಬಳಿಯಲ್ಲಿ ಸುತ್ತಿ ಒಲೆ ಮುಂದೆ ಕೂರಿಸಿದಳು. ನೋಲಾಳ ಕೈಗೆ ಬಿಸಿ ರೊಟ್ಟಿ ಕೊಟ್ಟು, ಮೇಲೆ ಬೆಲ್ಲದ ಪಾಕ ಸುರಿದಳು. ಮಗು ಇಡೀ ದಿನ ತುಟಿ ಎರಡು ಮಾಡಿರಲಿಲ್ಲ. ಹೆದರಿ ಮಾತು ನಿಂತಿತೇನೋ ಅಂತ ಅಜ್ಜಿಗೆ ಭಯ.

"ಏನ್ ಕಂಡೆ ನನ್ನವ್ವಾ ಜೊಂಡಲ್ಲಿ?" ಅಂತ ಮೆಲ್ಲಗೆ ಮಾತಿಗೆಳೆದಳು.

"ಮರಿ. ನಾಕು."

"ಅಷ್ಟೊಂದಾ. ಅವರಮ್ಮ ನಿನ್ನ ಹೆದರಿಸ್ಲಿಲ್ವಾ?"

ನೋಲಾ ರೊಟ್ಟಿಯಿಂದ ಮುಖ ಎತ್ತಿ, ಈ ಅಜ್ಜಿಗೆ ಇಷ್ಟೂ ಗೊತ್ತಿಲ್ಲವಲ್ಲ ಅನ್ನುವ ಹಾಗೆ ನೋಡಿತು.

"ಅಲ್ಲಿ ಅಮ್ಮ ಇಲ್ಲ ಅಜ್ಜಿ," ಅಂದಿತು. "ಇಬ್ರೂ ಮಾವಂದಿರೇ."

ಕ್ಲಾರಿ ಚಾ ಬಗ್ಗಿಸುತ್ತಿದ್ದವನು ಲೋಟ ತುಂಬಿ ಹರಿದರೂ ನಿಲ್ಲಿಸಲಿಲ್ಲ. ಲಾಯಲ್ ಕಂಬಳಿ ಸರಿಸಿ ಎದ್ದ. ಕಟ್ಟಿಗೆ ತರ್ತೀನಿ ಅಂದ. ಒಲೆಯ ಪಕ್ಕದಲ್ಲೇ ಸೊಂಟದೆತ್ತರ ಕಟ್ಟಿಗೆ ಇತ್ತು. ಹೊರಗೆ ಹೋಗಿ ಜೊಂಡಿನ ಕಡೆ ಮುಖ ಮಾಡಿ ನಿಂತ. ದೊಡ್ಡ ಮನುಷ್ಯರಿಗೆ ಹೇಳುವ ಹಾಗೆ, ಎರಡೂ ಕೈ ಜೋಡಿಸಿ, "ಉಪಕಾರ ಆಯ್ತು ಕಣ್ರಪ್ಪಾ, ನಿಮ್ಮಿಬ್ರಿಂದ" ಅಂದ.

ಆಮೇಲೆ ಕಣ್ಣೊರೆಸಿಕೊಂಡು, ಬೇಡದಿದ್ದರೂ ಎರಡು ಕಟ್ಟಿಗೆ ಎತ್ತಿಕೊಂಡು ಒಳಗೆ ಹೋದ.